ಸರ್ವರ್ ಬದಲಿಸುವ ಮುನ್ನ ಹೆಸರಿನ ಪಟ್ಟಿ ತಿದ್ದಿ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲು. ಎಲ್ಲರ ಕಂಪ್ಯೂಟರೂ ಆನ್ ಆಯಿತು, ಪಾಸ್‌ವರ್ಡ್ ಹಾಕಿದರೆ ಒಳಗೂ ಬಿಟ್ಟಿತು. ಒಳಗೆ ಹೋದ ಮೇಲೆ ಮಾತ್ರ ಏನೂ ತೆರೆಯಲಿಲ್ಲ. ಶೇರ್ ಫೋಲ್ಡರುಗಳ ಮೇಲೆ ಕೆಂಪು ಗುರುತು, ಪ್ರಿಂಟರ್ ಕಾಣುತ್ತಿಲ್ಲ, ಇಂಟರ್‌ನೆಟ್ಟೂ ಇಲ್ಲ. ಸ್ಟೋರ್ಸಿನವರು ಓಡಿ ಬಂದರು. "ಸಾರ್, ಲಾರಿ ಗೇಟಲ್ಲಿ ನಿಂತಿದೆ. ಇನ್‌ವಾಯ್ಸ್ ಬರ್ತಿಲ್ಲ, ಇ-ವೇ ಬಿಲ್ ಇಲ್ದೆ ಸೆಕ್ಯುರಿಟಿಯವರು ಬಿಡ್ತಿಲ್ಲ." ಸರ್ವರ್ ರೂಮಿನ ಬಾಗಿಲು ತೆಗೆದು ನೋಡಿದೆ. ಇದ್ದ ಒಂದೇ ಒಂದು ಸರ್ವರಿನ ಎರಡೂ ಹಾರ್ಡ್ ಡಿಸ್ಕುಗಳ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಅದರಲ್ಲಿದ್ದದ್ದು ವಿಂಡೋಸ್ ಸರ್ವರ್ 2008 ಆರ್2. ಬ್ಯಾಕಪ್ ಇತ್ತು, ಆದರೆ ಫೈಲುಗಳದ್ದು ಮಾತ್ರ. ಯಾರು ಯಾರು, ಯಾರಿಗೆ ಏನು ಅಧಿಕಾರ ಎಂದು ಬರೆದಿಟ್ಟ ಲೆಕ್ಕ ಡಿಸ್ಕಿನ ಜೊತೆಯೇ ಹೋಗಿತ್ತು. ಹೊಸ ಸರ್ವರ್ ತಂದು, ಹಳೆಯ ಹೆಸರಿನಲ್ಲೇ ಹೊಸ ಡೊಮೈನ್ ಕಟ್ಟಿ, ಪ್ರತಿ ಟೇಬಲ್ಲಿಗೂ ಹೋಗಿ ಒಂದೊಂದು ಕಂಪ್ಯೂಟರನ್ನೂ ಬಿಚ್ಚಿ ಮತ್ತೆ ಸೇರಿಸಿದೆವು. ಎಲ್ಲ ಸರಿಹೋಗಲು ಹನ್ನೊಂದು ದಿನ ಹಿಡಿಯಿತು. ಮೂರನೇ ದಿನ ಅಕೌಂಟ್ಸಿನ ಹೆಣ್ಣುಮಗಳೊಬ್ಬರು ಖಾಲಿ ಡೆಸ್ಕ್‌ಟಾಪ್ ನೋಡಿ, "ಆರು ವರ್ಷದ ಕೆಲಸ ಎಲ್ಲಾ ಹೋಯ್ತು ಸಾರ್" ಎಂದು ಕಣ್ಣೀರು ಹಾಕಿಕೊಂಡದ್ದು ನನಗೆ ಇವತ್ತಿಗೂ ಮರೆತಿಲ್ಲ. ಫೈಲುಗಳು ಅದೇ ಕಂಪ್ಯೂಟರಿನಲ್ಲಿ, ಬೇರೆ ಫೋಲ್ಡರಿನಲ್ಲಿ ಭದ್ರವಾಗಿದ್ದವು. ಅದನ್ನು ತೋರಿಸಿಕೊಡುವ ತನಕ ಅವರಿಗೆ ಸಮಾಧಾನವಿರಲಿಲ್ಲ.

ಸಮಯ ಇರುವಾಗಲೇ ಹೊಸ ವ್ಯವಸ್ಥೆಗೆ ಹೋಗಿದ್ದರೆ ಅದು ಎರಡು ಶನಿವಾರದ ಕೆಲಸ. ನಿಮ್ಮ ಕಂಪನಿ ಇದೇ ಸ್ಥಿತಿಯಲ್ಲಿದ್ದರೆ ಹೇಗೆ ಮಾಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ. ಐವತ್ತರಿಂದ ಇನ್ನೂರು ಕಂಪ್ಯೂಟರ್ ಇರುವ, ಒಬ್ಬರೋ ಇಬ್ಬರೋ ಐಟಿಯವರು ಇರುವ ಕಂಪನಿಗಳೇ ನನ್ನ ಕಣ್ಣ ಮುಂದಿರುವುದು.

ಕಂಪನಿಯ ಕಂಪ್ಯೂಟರುಗಳಿಗೆಲ್ಲ ಒಂದೇ ಹಾಜರಿ ಪುಸ್ತಕವಿದೆ ಎಂದುಕೊಳ್ಳಿ. ಯಾರು ಒಳಗೆ ಬರಬಹುದು, ಯಾರು ಯಾವ ಬೀರು ತೆಗೆಯಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಈ ಪುಸ್ತಕಕ್ಕೆ ಆಕ್ಟಿವ್ ಡೈರೆಕ್ಟರಿ ಎಂದು ಹೆಸರು, ಐಟಿಯವರ ಬಾಯಲ್ಲಿ ಎ.ಡಿ. ಇದು 2000ನೇ ಇಸವಿಯ ಫೆಬ್ರವರಿಯಲ್ಲಿ ವಿಂಡೋಸ್ 2000 ಜೊತೆ ಬಂತು. ಒಂದು ಪುಸ್ತಕದ ಕೆಳಗೆ ಬರುವ ಖಾತೆ, ಕಂಪ್ಯೂಟರುಗಳ ಗುಂಪು ಡೊಮೈನ್. ಪುಸ್ತಕವನ್ನು ಕಾಯುವ ಸರ್ವರ್ ಡೊಮೈನ್ ಕಂಟ್ರೋಲರ್, ಚಿಕ್ಕದಾಗಿ ಡಿಸಿ. ಡಿಸಿ ಎಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಜಿಲ್ಲಾಧಿಕಾರಿ. ಕಂಪನಿಯ ನೆಟ್‌ವರ್ಕಿನಲ್ಲಿ ಈ ಸರ್ವರಿನ ಮಾತಿಗೂ ಹೆಚ್ಚುಕಡಿಮೆ ಅಷ್ಟೇ ತೂಕ.

ಆ ಸೋಮವಾರ ಡಿಸಿ ಸತ್ತಿದ್ದರೂ ಲಾಗಿನ್ ಆದದ್ದು ಏಕೆಂದರೆ, ವಿಂಡೋಸ್ ಕಂಪ್ಯೂಟರ್ ಹಿಂದೆ ಲಾಗಿನ್ ಆದ ಹತ್ತು ಜನರನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಮೂಲ ಸೆಟ್ಟಿಂಗ್ ಹಾಗಿದೆ. ಶೇರ್ ಫೋಲ್ಡರಿಗೆ ಡಿಸಿಯ ಅಪ್ಪಣೆ ಬೇಕೇ ಬೇಕು. ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಕೂಡ ಅದೇ ಸರ್ವರಿನಲ್ಲಿದ್ದುದರಿಂದ ಇಂಟರ್‌ನೆಟ್ಟೂ ನಿಂತುಹೋಗಿತ್ತು. ಇಡೀ ಮನೆ ಒಂದೇ ಕಂಬದ ಮೇಲೆ ನಿಂತಿತ್ತು.

ಈಗ ಗಡುವುಗಳ ಮಾತು. 2008 ಮತ್ತು 2008 ಆರ್2 ಸರ್ವರುಗಳಿಗೆ ಮೈಕ್ರೋಸಾಫ್ಟ್ ಬೆಂಬಲ ಮುಗಿದದ್ದು 2020ರ ಜನವರಿ 14ಕ್ಕೆ. 2012 ಮತ್ತು 2012 ಆರ್2ಗೆ 2023ರ ಅಕ್ಟೋಬರ್ 10 ಕೊನೆ. ದುಡ್ಡು ಕೊಟ್ಟು ಪಡೆಯುವ ಹೆಚ್ಚುವರಿ ಪ್ಯಾಚುಗಳಿಗೂ 2026ರ ಅಕ್ಟೋಬರ್ 13 ಗಡುವು. 2016ಕ್ಕೆ 2027ರ ಜನವರಿ 12, 2019ಕ್ಕೆ 2029ರ ಜನವರಿ 9, 2022ಕ್ಕೆ 2031ರ ಅಕ್ಟೋಬರ್ 14. ಬೆಂಬಲ ಮುಗಿದ ಸರ್ವರ್ ಮರುದಿನವೂ ಓಡುತ್ತದೆ, ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಪ್ಯಾಚ್ ಬರದ ಡಿಸಿ ಎಂದರೆ ಬೀಗದ ಕೈಗಳನ್ನೆಲ್ಲ ತೂಗುಹಾಕಿದ ಗೋಡೆಯಲ್ಲೇ ಬಿರುಕು ಬಿಟ್ಟ ಹಾಗೆ.

ಹೊಸದಾಗಿ ಕಟ್ಟಬೇಡಿ, ಪಕ್ಕದಲ್ಲಿ ನಿಲ್ಲಿಸಿ

ಎಷ್ಟೋ ಕಡೆ ಐಟಿಯವರು ಮೊದಲು ಕೊಡುವ ಸಲಹೆ, "ಹಳೇದು ತುಂಬಾ ಗಲೀಜಾಗಿದೆ ಸಾರ್, ಹೊಸ ಡೊಮೈನ್ ಮಾಡಿಬಿಡೋಣ". ಒಪ್ಪಬೇಡಿ. ಎ.ಡಿ. ಜನರನ್ನು ಗುರುತಿಸುವುದು ಹೆಸರಿನಿಂದಲ್ಲ. ಪ್ರತಿ ಖಾತೆಗೂ ಎಸ್‌ಐಡಿ ಎಂಬ ಉದ್ದನೆಯ ಸಂಖ್ಯೆ ಇರುತ್ತದೆ. ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಇದ್ದರೂ ಪಹಣಿ ಸರ್ವೆ ನಂಬರಿನ ಮೇಲೆ ನಡೆಯುವ ಹಾಗೆ. ಹೊಸ ಡೊಮೈನಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಸಂಖ್ಯೆ ಬೇರೆಯಾಗುತ್ತದೆ. ಕಂಪ್ಯೂಟರಿನ ಕಣ್ಣಿಗೆ ನೀವು ಹೊಸಬರು. ಹೊಸ ಪ್ರೊಫೈಲ್, ಖಾಲಿ ಡೆಸ್ಕ್‌ಟಾಪ್, ಔಟ್‌ಲುಕ್ ಮತ್ತೆ ಮೊದಲಿಂದ, ಫೋಲ್ಡರುಗಳ ಅನುಮತಿ ಮತ್ತೆ ಮೊದಲಿಂದ. ಅಕೌಂಟ್ಸಿನ ಆ ಹೆಣ್ಣುಮಗಳ ಕಣ್ಣೀರಿಗೆ ಕಾರಣ ಇಷ್ಟೇ.

ಸರಿಯಾದ ದಾರಿ ಬೇರೆ. ಹೊಸ ಸರ್ವರನ್ನು ಹಳೆಯ ಡೊಮೈನಿಗೇ ಎರಡನೇ ಡಿಸಿಯಾಗಿ ಸೇರಿಸಿ. ಪುಸ್ತಕದ ಪ್ರತಿ ತಾನಾಗಿ ಅದಕ್ಕೆ ಇಳಿಯುತ್ತದೆ. ಜವಾಬ್ದಾರಿಗಳನ್ನು ಒಂದೊಂದಾಗಿ ವರ್ಗಾಯಿಸಿ, ಕೊನೆಗೆ ಹಳೆಯದನ್ನು ಕ್ರಮವಾಗಿ ನಿವೃತ್ತಿ ಮಾಡಿ. ಎಸ್‌ಐಡಿ ಬದಲಾಗುವುದಿಲ್ಲ. ಶುಕ್ರವಾರ ಕೆಲಸ ಮುಗಿಸಿ ಹೋದವರು ಸೋಮವಾರ ಬಂದಾಗ ಏನೂ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಎರಡು ಕಂಪನಿಗಳು ಒಂದಾಗುವಾಗಲೋ, ಹ್ಯಾಕರುಗಳು ಡೊಮೈನನ್ನೇ ವಶಪಡಿಸಿಕೊಂಡಿದ್ದಾಗಲೋ ಹೊಸ ಡೊಮೈನ್ ಕಟ್ಟಬೇಕಾಗಬಹುದು. ಉಳಿದಂತೆ ಬೇಡ.

ಯಾವ ಆವೃತ್ತಿಗೆ ಹೋಗಬೇಕು? ಹಳೆಯದು 2012 ಆರ್2 ಆಗಿದ್ದರೆ ನೇರವಾಗಿ 2022ಕ್ಕೆ ಹೋಗಿ. 2025ರ ಡಿಸಿಗೆ ಡೊಮೈನಿನ ಫಂಕ್ಷನಲ್ ಲೆವೆಲ್ (ಡೊಮೈನ್ ನಡೆಯುವ ಆವೃತ್ತಿಯ ಮಟ್ಟ) ಕನಿಷ್ಠ 2016 ಇರಬೇಕು. 2012 ಆರ್2 ಡಿಸಿ ಒಂದಿದ್ದರೂ ಆ ಮಟ್ಟಕ್ಕೆ ಏರಿಸಲಾಗದು. ಅಂಥವರು 2022ರ ಮೆಟ್ಟಿಲು ಹತ್ತಿಯೇ 2025ಕ್ಕೆ ಹೋಗಬೇಕು.

ಇಲ್ಲೇ ಒಂದು ಬಲೆ ಇದೆ. ಮೈಕ್ರೋಸಾಫ್ಟ್ 180 ದಿನದ ಉಚಿತ ಪರೀಕ್ಷಾ ಆವೃತ್ತಿ ಕೊಡುತ್ತದೆ. "ಈಗ ಇದನ್ನೇ ಹಾಕೋಣ, ಲೈಸೆನ್ಸ್ ಆಮೇಲೆ ಹಾಕಿದರಾಯಿತು" ಎಂದು ಅದನ್ನೇ ಡಿಸಿ ಮಾಡುವವರಿದ್ದಾರೆ. ಡಿಸಿ ಆದ ಮೇಲೆ ಪರೀಕ್ಷಾ ಆವೃತ್ತಿಯನ್ನು ಪೂರ್ಣ ಆವೃತ್ತಿಗೆ ಬದಲಿಸಲು ಬರುವುದಿಲ್ಲ, ಇನ್ನೊಂದು ಸರ್ವರ್ ತಂದು ಎಲ್ಲವನ್ನೂ ಮತ್ತೆ ಮಾಡಬೇಕು. ಪರೀಕ್ಷಾ ಆವೃತ್ತಿಯನ್ನು ಕಲಿಯಲು ಬಳಸಿ, ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೆಲಸದ ಸರ್ವರಿಗೆ ಮೊದಲ ದಿನವೇ ಲೈಸೆನ್ಸ್ ಇರಲಿ. ಸರ್ವರ್ ಲೈಸೆನ್ಸಿನ ಜೊತೆ ಕ್ಲೈಂಟ್ ಲೈಸೆನ್ಸನ್ನೂ ಅದೇ ಆವೃತ್ತಿಗೆ ಕೊಳ್ಳಬೇಕು, ಹಳೆಯವು ನಡೆಯುವುದಿಲ್ಲ. ಮೂರು ಪಾಳಿಯಲ್ಲಿ ಒಂದೇ ಕಂಪ್ಯೂಟರ್ ಬಳಸುವ ಕಾರ್ಖಾನೆಗೆ ತಲೆಗೊಂದು ಲೈಸೆನ್ಸ್ ದಂಡ. ಕಂಪ್ಯೂಟರಿಗೊಂದು ತೆಗೆದುಕೊಳ್ಳಿ.

ಪುಸ್ತಕ ಶುದ್ಧ ಮಾಡುವ ತಿಂಗಳು

ಸರ್ವರ್ ಆರ್ಡರ್ ಕೊಟ್ಟು ಅದು ಬರುವ ತನಕ ಸುಮ್ಮನೆ ಕೂರಬೇಡಿ. ನಿಜವಾದ ಕೆಲಸ ಆಗಲೇ ಶುರು. ನನ್ನನ್ನು ಕೇಳಿದರೆ ಇಡೀ ಬದಲಾವಣೆಯಲ್ಲಿ ಇದೇ ಮುಖ್ಯ, ಉಳಿದದ್ದೆಲ್ಲ ಕೈಕೆಲಸ.

ಎ.ಡಿ.ಯಲ್ಲಿರುವ ಎಲ್ಲ ಖಾತೆಗಳ ಪಟ್ಟಿ ತೆಗೆದು ಎಕ್ಸೆಲ್ ಹಾಳೆಯಲ್ಲಿ ಮುದ್ರಿಸಿ. ಈ ತಿಂಗಳ ಸಂಬಳದ ಪಟ್ಟಿ ಹಿಡಿದುಕೊಂಡು ಎಚ್‌ಆರ್ ಮೇಡಂ ಜೊತೆ ಕೂತುಕೊಳ್ಳಿ. ಒಂದು ಕಂಪನಿಯಲ್ಲಿ ಹೀಗೆ ಕೂತಾಗ ಸಂಬಳದ ಪಟ್ಟಿಯಲ್ಲಿ ಎಂಬತ್ತು ಚಿಲ್ಲರೆ ಹೆಸರುಗಳಿದ್ದವು, ಎ.ಡಿ.ಯಲ್ಲಿ ಇನ್ನೂರು ದಾಟಿತ್ತು. ಮೇಡಂ ಒಂದೊಂದೇ ಹೆಸರಿಗೆ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತ ಹೋದರು. "ಇವರು ಬಿಟ್ಟು ನಾಲ್ಕು ವರ್ಷ ಆಯ್ತು. ಇವರು ಮದುವೆಯಾಗಿ ಹೋದರು. ಈ ಹೆಸರು ಯಾರದ್ದು ಅಂತಲೇ ಗೊತ್ತಿಲ್ಲ." ಒಂದು ಹೆಸರಿನ ಮುಂದೆ ಅವರ ಪೆನ್ಸಿಲ್ ನಿಂತಿತು. ತೀರಿಕೊಂಡು ಎರಡು ವರ್ಷವಾಗಿದ್ದ ಫೋರ್‌ಮನ್ ಅವರು. ಅವರ ಖಾತೆಯಿಂದ ಹಿಂದಿನ ವಾರವೂ ಲಾಗಿನ್ ಆಗಿತ್ತು. ವಿಚಾರಿಸಿದರೆ ಪಾಳಿಯ ಹುಡುಗರು ಅವರ ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿಕೊಂಡು ಆಗಲೂ ಬಳಸುತ್ತಿದ್ದರು. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವರಿಗೆ ಯಾರೂ ಬೇರೆ ಖಾತೆ ಮಾಡಿಕೊಟ್ಟಿರಲಿಲ್ಲ, ಅಷ್ಟೇ. ಹೊಸ ಸರ್ವರಿಗೆ ಇಂಥ ಲೆಕ್ಕವನ್ನೇ ಕಟ್ಟಿಕೊಂಡು ಹೋದರೆ ಬದಲಾದದ್ದು ಡಬ್ಬ ಮಾತ್ರ.

90 ದಿನ ಲಾಗಿನ್ ಆಗದ ಖಾತೆಗಳನ್ನು ಪವರ್‌ಶೆಲ್‌ನ ಒಂದು ಸಾಲಿನ ಆಜ್ಞೆಯಿಂದ ಹುಡುಕಬಹುದು. ಡಿಸಿಗಳು ಹಂಚಿಕೊಳ್ಳುವ 'ಕೊನೆಯ ಲಾಗಿನ್' ದಿನಾಂಕ ಎರಡು ವಾರದಷ್ಟು ಹಿಂದೆ ಇರಬಹುದು, ಹಾಗಾಗಿ 15 ದಿನ, 20 ದಿನದ ಲೆಕ್ಕ ಹಾಕಬೇಡಿ. ಸಿಕ್ಕ ಖಾತೆಗಳನ್ನು ಕೂಡಲೇ ಅಳಿಸಬೇಡಿ. ನಿಷ್ಕ್ರಿಯಗೊಳಿಸಿ, ಬೇರೆ ಓಯು (ಎ.ಡಿ.ಯೊಳಗಿನ ಫೋಲ್ಡರಿನಂಥದ್ದು) ಒಳಗೆ ಸರಿಸಿಟ್ಟು ಕನಿಷ್ಠ ಒಂದು ತಿಂಗಳು ಕಾಯಿರಿ. ತಿಂಗಳ ಕೊನೆಗೆ ಒಮ್ಮೆ ಮಾತ್ರ ಓಡುವ ಯಾವುದೋ ವರದಿ ಆ ಖಾತೆಯ ಮೇಲೆ ನಿಂತಿರಬಹುದು. ಅಳಿಸುವ ಮುನ್ನ ಎ.ಡಿ. ರಿಸೈಕಲ್ ಬಿನ್ ಆನ್ ಮಾಡಿಕೊಳ್ಳಿ. ತಪ್ಪಿ ಅಳಿಸಿದ ಖಾತೆಯನ್ನು ಸಾಮಾನ್ಯವಾಗಿ 180 ದಿನದ ತನಕ ಪೂರ್ತಿಯಾಗಿ ವಾಪಸ್ ತರಬಹುದು.

ಇನ್ನು ಹೆಸರಿಡುವ ಕ್ರಮ. ನಮ್ಮ ಕಡೆಯ ಕಂಪನಿಗಳಲ್ಲಿ ಇದು ದೊಡ್ಡ ತಲೆನೋವು. ಒಂದೇ ವಿಭಾಗದಲ್ಲಿ ಮೂವರು ಮಂಜುನಾಥ, ಇಬ್ಬರು ಲಕ್ಷ್ಮಿ. ಒಬ್ಬರ ಇನಿಶಿಯಲ್ ಮುಂದೆ, ಇನ್ನೊಬ್ಬರದು ಹಿಂದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಆಧಾರಿನಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ, ನೇಮಕಾತಿ ಪತ್ರದಲ್ಲಿ ಮತ್ತೊಂದು. ಮಂಜು, ಮಂಜು1, ಮಂಜುಹೊಸ ಎಂದು ಖಾತೆಗಳು ಬೆಳೆಯುತ್ತವೆ, ಒಬ್ಬರಿಗೆ ಕೊಡಬೇಕಾದ ಅನುಮತಿ ಇನ್ನೊಬ್ಬರಿಗೆ ಹೋಗುತ್ತದೆ. ಜೊತೆಗೆ ಹಳೆಯ ಶೈಲಿಯ ಲಾಗಿನ್ ಹೆಸರಿಗೆ 20 ಅಕ್ಷರದ ಮಿತಿ ಇದೆ. ವೆಂಕಟಸುಬ್ರಹ್ಮಣ್ಯ ಎಂಬ ಹೆಸರಿಗೆ ಇನಿಶಿಯಲ್ ಸೇರಿಸಿ ಇಂಗ್ಲಿಷಿನಲ್ಲಿ ಬರೆದರೆ ಮಿತಿ ದಾಟಿಬಿಡಬಹುದು. ನನ್ನ ಸಲಹೆ ನೇರವಾದದ್ದು: ಎಂಪ್ಲಾಯಿ ನಂಬರನ್ನೇ ಲಾಗಿನ್ ಹೆಸರು ಮಾಡಿ. ಬಯೋಮೆಟ್ರಿಕ್ ಹಾಜರಿ ಯಂತ್ರದಲ್ಲಿ, ಸಂಬಳದ ಚೀಟಿಯಲ್ಲಿ, ಕಂಪ್ಯೂಟರಿನಲ್ಲಿ ಒಂದೇ ನಂಬರ್ ಇರಲಿ. ಪೂರ್ತಿ ಹೆಸರು ತೋರಿಕೆಯ ಜಾಗದಲ್ಲಿ ಇದ್ದೇ ಇರುತ್ತದೆ. ಇರುವ ಖಾತೆಯ ಲಾಗಿನ್ ಹೆಸರು ಬದಲಿಸಿದರೂ ಎಸ್‌ಐಡಿ ಅದೇ ಉಳಿಯುವುದರಿಂದ ಡೆಸ್ಕ್‌ಟಾಪ್ ಕದಲುವುದಿಲ್ಲ.

'ಸ್ಟೋರ್ಸ್', 'ಟ್ರೇನಿ', 'ಸ್ಕ್ಯಾನ್', 'ಟೆಸ್ಟ್' ಎಂಬ ಸಾರ್ವಜನಿಕ ಖಾತೆಗಳು ಪ್ರತಿ ಕಂಪನಿಯಲ್ಲೂ ಇರುತ್ತವೆ. ಅವುಗಳಲ್ಲಿ ಎಷ್ಟು ಡೊಮೈನ್ ಅಡ್ಮಿನ್ಸ್ ಗುಂಪಿನಲ್ಲಿವೆ ಎಂದು ಮೊದಲು ನೋಡಿ. ಬ್ಯಾಕಪ್ ಸಾಫ್ಟ್‌ವೇರ್ ಹಾಕಲು ಬಂದ ಹೊರಗಿನವರು "ಅಡ್ಮಿನ್ ಕೊಟ್ಟರೆ ಬೇಗ ಆಗುತ್ತೆ" ಎಂದು ಕೇಳಿ ಹಾಕಿಸಿಕೊಂಡಿರುತ್ತಾರೆ, ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಕೆಲಸ ಬಿಟ್ಟುಹೋದ ಐಟಿಯವರ ಖಾತೆಯೂ ಅಲ್ಲೇ ಇರಬಹುದು. ಆ ಗುಂಪಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಬೇಕಾದ ಅಗತ್ಯ ಚಿಕ್ಕ ಕಂಪನಿಗಿಲ್ಲ. ಆ ಇಬ್ಬರೂ ಮೇಲ್ ನೋಡಲು ಬೇರೆ, ಸಾಧಾರಣ ಖಾತೆ ಬಳಸಬೇಕು.

ಕೆಲಸದ ದಿನ

ಶನಿವಾರ ಆರಿಸಿಕೊಳ್ಳಿ, ಆದರೆ ಯಾವ ಶನಿವಾರ ಎಂದು ಅಕೌಂಟ್ಸಿನವರನ್ನು ಕೇಳಿ. ತಿಂಗಳ 11 ಮತ್ತು 20 ಜಿಎಸ್‌ಟಿ ರಿಟರ್ನಿನ ದಿನಗಳು, ಕೊನೆಯ ವಾರ ಸಂಬಳದ್ದು. 21ರಿಂದ 25ರ ನಡುವೆ ಬರುವ ಶನಿವಾರ ಒಳ್ಳೆಯದು. ಮಾರ್ಚ್ ತಿಂಗಳನ್ನು ಮುಟ್ಟಲೇಬೇಡಿ.

ಮೊದಲು ಹಳೆಯ ಡಿಸಿಯ ಆರೋಗ್ಯ ನೋಡಿ. ಡಿಸಿಡಯಾಗ್ ಮತ್ತು ರೆಪ್‌ಅಡ್ಮಿನ್ ಎಂಬ ಎರಡು ಆಜ್ಞೆಗಳು ಅದಕ್ಕೆಂದೇ ಇವೆ. ಅವು ತೋರಿಸುವ ತಪ್ಪುಗಳನ್ನು ಸರಿಪಡಿಸದೆ ಮುಂದೆ ಹೆಜ್ಜೆ ಇಡಬೇಡಿ, ಹಳೆಯ ರೋಗ ಹೊಸ ಮೈಗೂ ಅಂಟುತ್ತದೆ. ನಿಮ್ಮ ಡೊಮೈನ್ 2003ರ ಕಾಲದಲ್ಲಿ ಹುಟ್ಟಿ ಬೆಳೆದದ್ದಾದರೆ ಡಿಸಿಗಳು ಹಂಚಿಕೊಳ್ಳುವ ಸಿಸ್‌ವಾಲ್ ಫೋಲ್ಡರ್ ಹಳೆಯ ಎಫ್‌ಆರ್‌ಎಸ್ ಪದ್ಧತಿಯಲ್ಲೇ ಪ್ರತಿಯಾಗುತ್ತಿರಬಹುದು. ಹಾಗಿದ್ದರೆ 2019 ಅಥವಾ 2022ರ ಡಿಸಿ ಸೇರಲು ಒಪ್ಪುವುದೇ ಇಲ್ಲ. ಡಿಎಫ್‌ಎಸ್‌ಆರ್‌ಮಿಗ್ ಎಂಬ ಉಪಕರಣದಿಂದ ಅದನ್ನು ಹಂತಹಂತವಾಗಿ ಹೊಸ ಪದ್ಧತಿಗೆ ತನ್ನಿ. ಇದನ್ನು ಒಂದು ವಾರ ಮೊದಲೇ ಮುಗಿಸಿರಿ.

ಆಮೇಲೆ ಬ್ಯಾಕಪ್, ಎ.ಡಿ.ಯೂ ಸೇರಿರುವ ಸಿಸ್ಟಂ ಸ್ಟೇಟ್ ಸಮೇತ. ಹೊಸ ಡಿಸಿ ಸೇರುವಾಗ ಎ.ಡಿ.ಯ ಸ್ಕೀಮಾ, ಅಂದರೆ ಪುಸ್ತಕದ ನಮೂನೆ, ಮೇಲಕ್ಕೇರುತ್ತದೆ. 2012 ಆರ್2ನಲ್ಲಿ 69 ಇದ್ದ ಅದರ ಸಂಖ್ಯೆ 2022ರಲ್ಲಿ 88 ಆಗುತ್ತದೆ. ಏರಿದ ಮೇಲೆ ಇಳಿಸುವ ದಾರಿ ಇಲ್ಲ. ಬ್ಯಾಕಪ್ ತೆಗೆದರೆ ಸಾಲದು, ಬೇರೊಂದು ಯಂತ್ರದಲ್ಲಿ, ನೆಟ್‌ವರ್ಕಿಗೆ ತಂತಿ ಹಾಕದೆ, ಒಮ್ಮೆ ರಿಸ್ಟೋರ್ ಮಾಡಿ ನೋಡಿ. ಅದಕ್ಕೆ ಬೇಕಾಗುವ ಡಿಎಸ್‌ಆರ್‌ಎಂ ಪಾಸ್‌ವರ್ಡ್ ಬಹುಪಾಲು ಕಂಪನಿಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸರ್ವರ್ ಬದುಕಿರುವಾಗಲೇ ಅದನ್ನು ಹೊಸದಾಗಿಟ್ಟು, ಬರೆದು, ಲಕೋಟೆಯಲ್ಲಿ ಹಾಕಿ ಮಾಲೀಕರ ಬೀರುವಿನಲ್ಲಿಡಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಇಲ್ಲಿ ನಡೆಯುವುದಿಲ್ಲ.

ಹೊಸ ಸರ್ವರಿಗೆ ಸ್ಥಿರ ಐಪಿ ಕೊಟ್ಟು, ಅದರ ಡಿಎನ್‌ಎಸ್ ಹಳೆಯ ಡಿಸಿಯನ್ನು ತೋರುವಂತೆ ಮಾಡಿ, ಡೊಮೈನಿಗೆ ಸೇರಿಸಿ, ಡಿಸಿಯಾಗಿ ಬಡ್ತಿ ಕೊಡಿ. ಪರದೆಯಲ್ಲಿ ಬರುವ ಹೆಜ್ಜೆಗಳು ಸರಳವಾಗಿವೆ, ಅರ್ಧ ಗಂಟೆಯ ಕೆಲಸ. ಒಂದು ರಾತ್ರಿ ಎರಡೂ ಜೊತೆಯಾಗಿ ಓಡಲಿ. ಮರುದಿನ ರೆಪ್‌ಅಡ್ಮಿನ್‌ನಲ್ಲಿ ತಪ್ಪು ಸೊನ್ನೆ ಎಂದು ಖಚಿತವಾದ ಮೇಲೆ ಎಫ್‌ಎಸ್‌ಎಂಒ ಎಂಬ ಐದು ವಿಶೇಷ ಹೊಣೆಗಳನ್ನು ಹೊಸದಕ್ಕೆ ವರ್ಗಾಯಿಸಿ. ಇದು ಒಂದೇ ಆಜ್ಞೆಯಲ್ಲಿ ಆಗುತ್ತದೆ.

ಈ ಐದರಲ್ಲಿ ಪಿಡಿಸಿ ಎಮ್ಯುಲೇಟರ್ ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಡೀ ಡೊಮೈನಿನ ಗಡಿಯಾರ ಅದೇ. ಎ.ಡಿ.ಯ ಲಾಗಿನ್ ನಡೆಯುವುದು ಕರ್ಬೆರೋಸ್ ಪದ್ಧತಿಯಲ್ಲಿ. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಕಂಪ್ಯೂಟರಿನ ಗಡಿಯಾರಕ್ಕೂ ಡಿಸಿಯ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಒಪ್ಪುವುದಿಲ್ಲ. ಹೊಣೆ ಹೊಸ ಸರ್ವರಿಗೆ ಬಂದರೂ ಹೊರಗಿನ ಗಡಿಯಾರದ ವಿಳಾಸ ಹಳೆಯದರಲ್ಲೇ ಉಳಿದಿರುತ್ತದೆ. ಹೊಸದು ವರ್ಚುವಲ್ ಯಂತ್ರವಾದರೆ ಇನ್ನೂ ಗೋಜಲು: ಅದು ತನ್ನ ಹೋಸ್ಟಿನಿಂದ ಸಮಯ ಕೇಳುತ್ತದೆ, ಹೋಸ್ಟ್ ಡೊಮೈನಿನಿಂದ ಕೇಳುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ನಿಧಾನವಾಗಿ ತಪ್ಪುತ್ತ ಹೋಗುತ್ತಾರೆ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಲಾಗಿನ್ ನಿಂತಾಗ ಯಾರಿಗೂ ಗಡಿಯಾರ ಹೊಳೆಯುವುದಿಲ್ಲ. ವರ್ಗಾವಣೆಯಾದ ಅದೇ ಗಂಟೆಯಲ್ಲಿ ಹೋಸ್ಟಿನ ಸಮಯ ಹಂಚಿಕೆ ನಿಲ್ಲಿಸಿ, ಹೊರಗಿನ ಎನ್‌ಟಿಪಿ ಸರ್ವರಿಗೆ ಜೋಡಿಸಿ. ಯಾವುದಕ್ಕೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಳ್ಳಬೇಕು. ಎನ್‌ಐಸಿಯ ಈ ಸರ್ವರುಗಳ ಹೆಸರೂ 'ಸಮಯ್' ಎಂದೇ ಇದೆ. ಲಾಗುಗಳನ್ನು 180 ದಿನ ಕಾಪಾಡಬೇಕು, ಸೈಬರ್ ದಾಳಿಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎಂಬುದೂ ಅದೇ ನಿರ್ದೇಶನದಲ್ಲಿದೆ. ಡಿಸಿಯ ಭದ್ರತಾ ಲಾಗ್ ತುಂಬಿದಂತೆ ಹಳೆಯದನ್ನು ತಾನೇ ಅಳಿಸುತ್ತದೆ, ಆದ್ದರಿಂದ ಹೊಸ ಸರ್ವರ್ ಬಂದ ದಿನವೇ ಲಾಗುಗಳು ಬೇರೆ ಕಡೆ ಹೋಗಿ ಸೇರುವ ವ್ಯವಸ್ಥೆ ಮಾಡಿಕೊಳ್ಳಿ.

ಕಂಪ್ಯೂಟರುಗಳಿಗೆ ಐಪಿ ಹಂಚುವ ಡಿಎಚ್‌ಸಿಪಿ ಕೂಡ ಹಳೆಯ ಸರ್ವರಿನಲ್ಲಿದ್ದರೆ ಅದನ್ನೂ ತರಬೇಕು. ಅದು ಹಂಚುವ ಡಿಎನ್‌ಎಸ್ ವಿಳಾಸವನ್ನು ಹೊಸ ಡಿಸಿಗೆ ಬದಲಿಸಿ. ಮೂಲ ಸೆಟ್ಟಿಂಗಿನಲ್ಲಿ ಐಪಿ ಗುತ್ತಿಗೆ 8 ದಿನ, ಬದಲಾವಣೆ ಎಲ್ಲ ಕಂಪ್ಯೂಟರಿಗೂ ಮುಟ್ಟಲು ಅಷ್ಟು ಕಾಲ ಕೊಡಿ. ಎರಡನೇ ಡಿಎನ್‌ಎಸ್ ಎಂದು ಗೂಗಲ್‌ನ 8.8.8.8 ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಕಂಪನಿಯ ಒಳಗಿನ ಹೆಸರುಗಳು ಗೂಗಲ್‌ಗೆ ಗೊತ್ತಿಲ್ಲ. ಆಗಾಗ ಲಾಗಿನ್ ನಿಧಾನವಾಗುತ್ತದೆ, ಆಗಾಗ ಸರಿ ಇರುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಮೂಲೆಯಲ್ಲಿರುವ ಹಳೆಯ ಯಂತ್ರಗಳು

ಕಂಪ್ಯೂಟರುಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ತೊಂದರೆ ಕೊಡುವುದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಪೆಟ್ಟಿಗೆಗಳು: ರಿಸೆಪ್ಷನ್ ಪಕ್ಕದ ಜೆರಾಕ್ಸ್ ಯಂತ್ರ, ಹಾಜರಿ ಯಂತ್ರ, ಸಿಸಿಟಿವಿ ಪೆಟ್ಟಿಗೆ, ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಹಳೇ ವಿಂಡೋಸ್ 7 ಕಂಪ್ಯೂಟರ್. ಇವುಗಳಲ್ಲಿ ಹಳೆಯ ಸರ್ವರಿನ ಐಪಿಯನ್ನು ಯಾರೋ ಕೈಯಾರೆ ಬರೆದಿರುತ್ತಾರೆ. ಕಂಪನಿಯ ಒಳಗೆಲ್ಲ ಒಮ್ಮೆ ನಡೆದಾಡಿ, ನೆಟ್‌ವರ್ಕ್ ತಂತಿ ಹೋಗಿರುವ ಪ್ರತಿ ಪೆಟ್ಟಿಗೆಯ ಪಟ್ಟಿ ಮಾಡಿ. ಕುರ್ಚಿಯಲ್ಲಿ ಕೂತು ಮಾಡಿದ ಪಟ್ಟಿ ಯಾವಾಗಲೂ ಅಪೂರ್ಣ.

ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಮಾಡಿದ ಕಾಗದ ಶೇರ್ ಫೋಲ್ಡರಿಗೆ ಬೀಳುವುದು ನಿಂತುಹೋಯಿತು ಎಂಬ ಫೋನ್ ಮೊದಲ ಸೋಮವಾರವೇ ಬರುತ್ತದೆ. ಆ ಯಂತ್ರಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಭಾಷೆ, ಹೊಸ ಸರ್ವರಿನಲ್ಲಿ ಅದು ಇರುವುದಿಲ್ಲ. ಎರಡು ಕ್ಲಿಕ್ಕಿನಲ್ಲಿ ಅದನ್ನು ಮತ್ತೆ ಹಾಕಬಹುದು, ಎಷ್ಟೋ ಜನ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. 2017ರ ಮೇ 12ರಂದು ಜಗತ್ತಿನಾದ್ಯಂತ ಆಸ್ಪತ್ರೆ, ಕಾರ್ಖಾನೆಗಳನ್ನು ಮಲಗಿಸಿದ ವಾನ್ನಾಕ್ರೈ ಹರಡಿದ್ದು ಇದೇ ಬಾಗಿಲಿನಿಂದ. ಜೆರಾಕ್ಸ್ ಯಂತ್ರದ ಫರ್ಮ್‌ವೇರ್ ಹೊಸದಾಗಿದೆಯೇ ಎಂದು ಸರ್ವೀಸಿನವರನ್ನು ಕೇಳಿ. ಇಲ್ಲದಿದ್ದರೆ ಸ್ಕ್ಯಾನ್ ಮೇಲ್‌ಗೆ ಹೋಗುವ ಹಾಗೆ ಮಾಡಿ.

ಇನ್ನೊಂದು ಅಡಗಿಕೊಂಡ ತೊಂದರೆ ಹಳೆಯ ಪಾಸ್‌ವರ್ಡ್. ಡೊಮೈನ್ 2008ರ ಮಟ್ಟಕ್ಕೆ ಏರುವ ಮೊದಲು ಇಟ್ಟ ಪಾಸ್‌ವರ್ಡ್ ಇವತ್ತಿನ ತನಕ ಬದಲಾಗದೆ ಉಳಿದಿದ್ದರೆ ಆ ಖಾತೆಗೆ ಕರ್ಬೆರೋಸ್ ಇಂದು ಬಳಸುವ ಎಇಎಸ್ ಗೂಢಲಿಪಿಯ ಕೀಲಿಯೇ ಇರುವುದಿಲ್ಲ, ಲಾಗಿನ್ ಕೈಕೊಡಬಹುದು. ಬ್ಯಾಕಪ್, ಡೇಟಾಬೇಸ್ ಓಡಿಸುವ ಸೇವಾ ಖಾತೆಗಳಲ್ಲಿ ಇದು ಸಾಮಾನ್ಯ. ಪಾಸ್‌ವರ್ಡ್ ಒಮ್ಮೆ ಬದಲಿಸಿದರೆ ಸರಿಹೋಗುತ್ತದೆ. ಕರ್ಬೆರೋಸಿನ ಮೂಲ ಖಾತೆಯಾದ ಕೆಆರ್‌ಬಿಟಿಜಿಟಿಯದನ್ನೂ ಬದಲಿಸಿ, ಎರಡು ಬಾರಿ, ನಡುವೆ ಕನಿಷ್ಠ ಒಂದು ದಿನ ಬಿಟ್ಟು.

ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರಿನ ದಾರಿ ನೋಡಿಕೊಳ್ಳಿ. ಅದು ಹಳೆಯ ಸರ್ವರಿನಲ್ಲೇ ಇದ್ದರೆ, ಫೈಲುಗಳನ್ನು ಡಿಸಿಯಿಂದ ಬೇರ್ಪಡಿಸಲು ಇದೇ ಸಂದರ್ಭ. ಡಿಸಿಯ ಮೇಲೆ ಡಿಸಿಯ ಕೆಲಸ ಬಿಟ್ಟು ಬೇರೇನೂ ಇರಬಾರದು. ವಿಂಡೋಸ್ ಸರ್ವರ್ ಸ್ಟಾಂಡರ್ಡ್ ಲೈಸೆನ್ಸಿನಲ್ಲಿ ಒಂದೇ ಪೆಟ್ಟಿಗೆಯ ಮೇಲೆ ಎರಡು ವರ್ಚುವಲ್ ಸರ್ವರ್ ಓಡಿಸಲು ಅವಕಾಶವಿದೆ. ಒಂದು ಡಿಸಿಗೆ, ಒಂದು ಫೈಲುಗಳಿಗೆ.

ಹಳೆಯದನ್ನು ಬೀಳ್ಕೊಡುವಾಗ ಅವಸರ ಬೇಡ. ಹೊಣೆಗಳೆಲ್ಲ ಹೋದ ಮೇಲೆ ಅದನ್ನು ಸುಮ್ಮನೆ ಶಟ್‌ಡೌನ್ ಮಾಡಿ ಒಂದು ವಾರ ಬಿಡಿ. ಯಾರು ಕೂಗುತ್ತಾರೆ ನೋಡಿ. ಕೂಗಿದ ಕಡೆ ಹೋಗಿ ಸರಿಪಡಿಸಿ. ವಾರ ಶಾಂತವಾಗಿ ಕಳೆದರೆ ಮತ್ತೆ ಆನ್ ಮಾಡಿ, ಕ್ರಮವಾಗಿ ಡಿಮೋಟ್ ಮಾಡಿ, ಡಿಎನ್‌ಎಸ್‌ನಲ್ಲಿ ಅದರ ಹೆಸರು ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆಫ್ ಮಾಡಿದ ಡಿಸಿಯನ್ನು ಮೂಲೆಗಿಟ್ಟು ಮರೆತು, 180 ದಿನ ಕಳೆದ ಮೇಲೆ ಆನ್ ಮಾಡುವುದು ಅಪಾಯ. ಅಳಿಸಿಹೋದ ಖಾತೆಗಳು ಮತ್ತೆ ಎದ್ದು ಬರಬಹುದು. ಡಿಮೋಟ್ ಆದ ಮೇಲೆ ಹಳೆಯದರ ಐಪಿಯನ್ನು ಹೊಸ ಡಿಸಿಗೇ ಕೊಟ್ಟರೆ ಮರೆತುಹೋದ ಪೆಟ್ಟಿಗೆಗಳೂ ತಾವಾಗಿ ದಾರಿಗೆ ಬರುತ್ತವೆ.

ಎರಡನೇ ಡಿಸಿ ಬೇಕೇ ಎಂದು ಮಾಲೀಕರು ಕೇಳುತ್ತಾರೆ. ಬೇಕು, ಆದರೆ ಅದೊಂದೇ ಸಾಲದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ದಾಳಿಗೆ ಸಿಕ್ಕ ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್ ಜಗತ್ತಿನಾದ್ಯಂತ ಇದ್ದ ತನ್ನ ಸುಮಾರು 150 ಡಿಸಿಗಳನ್ನು ಕಳೆದುಕೊಂಡಿತು. ನವಿ ಮುಂಬೈಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಟರ್ಮಿನಲ್ ಕೂಡ ನಿಂತಿತು. ಎಲ್ಲ ಡಿಸಿಗಳೂ ಒಂದರ ಪ್ರತಿ ಇನ್ನೊಂದಾದ್ದರಿಂದ ಪ್ರತ್ಯೇಕ ಬ್ಯಾಕಪ್ಪಿನ ಯೋಚನೆಯೇ ಇರಲಿಲ್ಲ. ಉಳಿದದ್ದು ಒಂದೇ ಒಂದು, ಆಫ್ರಿಕಾದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಸರ್ವರ್ ನೆಟ್‌ವರ್ಕಿನಿಂದ ಕಡಿದುಹೋಗಿತ್ತು. ಅದರ ಹಾರ್ಡ್ ಡಿಸ್ಕನ್ನು ನೈಜೀರಿಯಾದ ದಾರಿಯಾಗಿ ವಿಮಾನದಲ್ಲಿ ಲಂಡನ್ನಿಗೆ ಕೈಯಲ್ಲಿ ಹಿಡಿದು ತಂದು ಕಂಪನಿಯ ಡೊಮೈನನ್ನು ಮತ್ತೆ ಎಬ್ಬಿಸಿದರು. ಎರಡು ಡಿಸಿ ಇರಲಿ, ಅದರ ಜೊತೆಗೆ ತಂತಿ ಬಿಚ್ಚಿಟ್ಟ ಬ್ಯಾಕಪ್ ಒಂದು ವಾರಕ್ಕೊಮ್ಮೆ ಇರಲಿ.

ಕ್ಲೌಡ್‌ಗೆ ಹೋಗಬಾರದೇ? ಮೊದಲು ಅಜೂರ್ ಎ.ಡಿ. ಎಂದಿದ್ದು 2023ರಲ್ಲಿ ಎಂಟ್ರಾ ಐಡಿ ಎಂದು ಹೆಸರು ಬದಲಿಸಿಕೊಂಡ ಸೇವೆ ಇದೆ. ಎಲ್ಲರೂ ಲ್ಯಾಪ್‌ಟಾಪಿನಲ್ಲಿ, ಮನೆಯಿಂದಲೋ ಪ್ರವಾಸದಲ್ಲೋ ಕೆಲಸ ಮಾಡುವ ಆಡಿಟರ್ ಕಚೇರಿ, ಸಾಫ್ಟ್‌ವೇರ್ ಕಂಪನಿಗೆ ಅದು ಹೊಂದುತ್ತದೆ. ಇಂಟರ್‌ನೆಟ್ ಹೋದರೂ ಯಂತ್ರ ಓಡಬೇಕಾದ ಕಾರ್ಖಾನೆಗೆ ಡಿಸಿ ಒಳಗೇ ಇರಬೇಕೆಂಬುದು ನನ್ನ ಅಭಿಪ್ರಾಯ. ಲಿನಕ್ಸ್ ಚೆನ್ನಾಗಿ ಬಲ್ಲವರು ನಿಮ್ಮಲ್ಲಿದ್ದರೆ ಸಾಂಬಾ ಉಚಿತ. 2012ರ ಡಿಸೆಂಬರಿನಲ್ಲಿ ಬಂದ ಅದರ 4.0 ಆವೃತ್ತಿಯಿಂದಲೇ ಅದು ಎ.ಡಿ. ಡಿಸಿಯಾಗಿ ನಿಲ್ಲಬಲ್ಲದು. ಬಲ್ಲವರು ಬಿಟ್ಟುಹೋದರೆ ಮುಂದೆ ಯಾರು ಎಂದು ಮಾತ್ರ ಯೋಚಿಸಿ.

ನಾಳೆ ಕಚೇರಿಗೆ ಹೋದಾಗ ಒಂದು ಕೆಲಸ ಮಾಡಿ. ಐಟಿಯವರ ಜೊತೆ ಸರ್ವರಿನ ಮುಂದೆ ನಿಂತು ವಿನ್‌ವರ್ ಎಂಬ ಆಜ್ಞೆ ಕೊಡಿಸಿ. ಚಿಕ್ಕ ಕಿಟಕಿಯೊಂದು ತೆರೆದು ಆವೃತ್ತಿ ತೋರಿಸುತ್ತದೆ. ಅಲ್ಲಿ 2008 ಅಥವಾ 2012 ಎಂದಿದ್ದರೆ ಈ ತಿಂಗಳೇ ಎಚ್‌ಆರ್ ಮೇಡಂ ಹತ್ತಿರ ಸಂಬಳದ ಪಟ್ಟಿ ಕೇಳಿ. 2016 ಎಂದಿದ್ದರೆ ನಿಮ್ಮ ಕೊನೆಯ ದಿನಾಂಕ 2027ರ ಜನವರಿ 12.